ಪ್ಲಗಿನ್‌ಗೆ ಕೊಡುವ ಮುನ್ನ

ಫೋಟೋ ತಿದ್ದುವ ಲೈಟ್‌ರೂಮ್ ಸಾಫ್ಟ್‌ವೇರ್‌ನಲ್ಲಿ ಒಂದು ರಾ ಫೋಟೋ (ಸೆನ್ಸರ್ ಅಳೆದದ್ದನ್ನು ಹಾಗೇ ಇಟ್ಟುಕೊಂಡ ಫೈಲ್) ಆರಿಸಿ, ಅದನ್ನು ಯಾವುದಾದರೂ ಪ್ಲಗಿನ್‌ನಲ್ಲಿ (ಹೊರಗಿನವರು ಬರೆದ ತುಣುಕು ಪ್ರೋಗ್ರಾಮ್) ತೆರೆಯಲು ಹೇಳಿದರೆ ಮೊದಲು ಒಂದು ಪುಟ್ಟ ಬಾಕ್ಸ್ ಎದುರಿಗೆ ಬರುತ್ತದೆ. ಫೈಲ್ ಟಿಫ್ ಬಗೆಯದ್ದು ಬೇಕಾ, ಪಿಎಸ್‌ಡಿ ಬೇಕಾ? 8 ಬಿಟ್ಟೋ, 16 ಬಿಟ್ಟೋ? ಬಣ್ಣಕ್ಕೆ ಎಸ್‌ಆರ್‌ಜಿಬಿ ಸಾಕಾ, ಪ್ರೊಫೋಟೋ ಆರ್‌ಜಿಬಿ ಇರಲಾ? ಬಹಳಷ್ಟು ಜನ ಇದನ್ನು ಓದುವುದೇ ಇಲ್ಲ. ಓಕೆ ಒತ್ತಿ ಮುಂದೆ ಹೋಗುತ್ತಾರೆ. ಆಚೆ ಕಾದಿರುವ ಎಫೆಕ್ಟ್‌ಗಳ ಮೇಲೇ ಕಣ್ಣು. ಆದರೆ ಡಿಜಿಟಲ್ ಫೋಟೋದ ಇಡೀ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಗಡಿ ಇನ್ನೊಂದಿಲ್ಲ. ಈಚೆ ಇರುವ ತನಕ ಏನು ಮಾಡಿದರೂ ವಾಪಸ್ ಬರಬಹುದು. ಆಚೆ ಹೋದ ಮೇಲೆ ಹಾಗಲ್ಲ.

ಪ್ಲಗಿನ್ ಅಂದ ಕೂಡಲೇ ಯಾವುದು ಒಳ್ಳೆಯದು, ಯಾವುದಕ್ಕೆ ದುಡ್ಡು ಕೊಡಬಹುದು ಅನ್ನುವ ಮಾತೇ ಶುರುವಾಗುತ್ತದೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವ ಪ್ರಶ್ನೆ ಬೇರೆ. ಕೆಲಸದ ಸಾಲಿನಲ್ಲಿ ಪ್ಲಗಿನ್ ಎಷ್ಟನೆಯದಾಗಿ ಬರಬೇಕು? ಬಂದು ಹೋದ ಮೇಲೆ ಹಿಂದಕ್ಕೆ ಹೋಗುವ ದಾರಿ ತೆರೆದಿರುತ್ತದಾ? ಒಂದು ಪ್ಲಗಿನ್ ಇಟ್ಟುಕೊಳ್ಳುವುದೋ ಬಿಡುವುದೋ ಅಂತ ನಾನು ತೀರ್ಮಾನ ಮಾಡುವುದು ಇದರ ಮೇಲೆಯೇ.

ರಾ ಫೈಲ್ ಒಳಗೆ ನಿಜವಾಗಿ ಏನಿದೆ ಅಂತ ಒಮ್ಮೆ ನೋಡಿದರೆ ಈ ಗಡಿ ಯಾಕೆ ಅಂತ ಗೊತ್ತಾಗುತ್ತದೆ. ಬಹುತೇಕ ಕ್ಯಾಮೆರಾಗಳ ಸೆನ್ಸರ್ ಮೇಲೆ ಪುಟ್ಟ ಪುಟ್ಟ ಬಣ್ಣದ ಫಿಲ್ಟರ್‌ಗಳ ಹಾಸು ಇರುತ್ತದೆ. ಅರ್ಧ ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಅವರ ಯೋಚನೆ ಅದು. 1976ರಲ್ಲಿ ಪೇಟೆಂಟ್ ಸಿಕ್ಕಿತು. ಇವತ್ತಿಗೂ ಅದೇ ನಡೆಯುತ್ತಿದೆ. ಅಂದರೆ ಒಂದೊಂದು ಪಿಕ್ಸೆಲ್‌ಗೂ ಒಂದೇ ಒಂದು ಬಣ್ಣದ ಅಳತೆ ಗೊತ್ತು. ಉಳಿದ ಎರಡು ಬಣ್ಣಗಳನ್ನು ಸಾಫ್ಟ್‌ವೇರ್ ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ನೋಡಿ ಲೆಕ್ಕ ಹಾಕುತ್ತದೆ. ಬೆಳಕಿಗೆ ತಕ್ಕ ಹಾಗೆ ಬಣ್ಣ ಸರಿಮಾಡುವ ವೈಟ್ ಬ್ಯಾಲೆನ್ಸ್ ಕೂಡ ಅಷ್ಟೇ. ಕ್ಯಾಮೆರಾದಲ್ಲಿ ನೀವು ಬಿಸಿಲು, ನೆರಳು, ಟ್ಯೂಬ್‌ಲೈಟ್ ಅಂತ ಏನೇ ಆರಿಸಿರಿ, ಅದು ಸೆನ್ಸರ್‌ನ ಅಂಕಿಗಳನ್ನು ಮುಟ್ಟುವುದಿಲ್ಲ. ಕೆಂಪನ್ನು ಇಷ್ಟರಿಂದ ಗುಣಿಸು, ನೀಲಿಯನ್ನು ಅಷ್ಟರಿಂದ ಗುಣಿಸು ಅನ್ನುವ ಒಂದು ಚೀಟಿ ಫೈಲ್ ಜೊತೆಗಿರುತ್ತದೆ, ಅಷ್ಟೇ.

ರಾ ಎಡಿಟರ್‌ಗಳು ಕೆಲಸ ಮಾಡುವುದೂ ಹೀಗೆಯೇ. ಎಕ್ಸ್‌ಪೋಷರ್ ಸ್ಲೈಡರ್ ಎಳೆದಿರಿ, ಶ್ಯಾಡೋ ಎತ್ತಿದಿರಿ, ಆಕಾಶಕ್ಕೆ ಮಾಸ್ಕ್ ಹಾಕಿ ಸ್ವಲ್ಪ ಕತ್ತಲು ಮಾಡಿದಿರಿ. ಇದ್ಯಾವುದೂ ಮೂಲ ಫೈಲ್‌ಗೆ ಹೋಗುವುದಿಲ್ಲ. ಎಲ್ಲ ಕ್ಯಾಟಲಾಗ್‌ನಲ್ಲೋ, ರಾ ಫೈಲ್ ಪಕ್ಕದ ಎಕ್ಸ್‌ಎಂಪಿ ಅನ್ನುವ ಸಣ್ಣ ಫೈಲ್‌ನಲ್ಲೋ ಬರಿ ಅಕ್ಷರ, ಅಂಕಿಗಳಾಗಿ ಕೂತಿರುತ್ತದೆ. ಆ ಎಕ್ಸ್‌ಎಂಪಿಯನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ನೀವು ಎಳೆದ ಒಂದೊಂದು ಸ್ಲೈಡರೂ ಹೆಸರು ಸಮೇತ ಕಾಣುತ್ತದೆ. ದರ್ಜಿ ಬಟ್ಟೆಯ ಮೇಲೆ ಮೊದಲು ಸೀಮೆಸುಣ್ಣದಲ್ಲಿ ಗೆರೆ ಹಾಕಿಕೊಳ್ಳುತ್ತಾನಲ್ಲ, ರಾ ಎಡಿಟಿಂಗ್ ಅಂದರೆ ಆ ಗೆರೆ. ಒರೆಸಿ ಮತ್ತೆ ಹಾಕಬಹುದು. ಪ್ಲಗಿನ್ ಕತ್ತರಿ.

ಯಾಕಂದರೆ ಹೆಚ್ಚಿನ ಪ್ಲಗಿನ್‌ಗಳಿಗೆ ರಾ ಬೇಕಿಲ್ಲ. ಅವಕ್ಕೆ ಬೇಕಿರುವುದು ಸಿದ್ಧವಾದ ಪಿಕ್ಸೆಲ್. ಹಾಗಾಗಿ ಲೈಟ್‌ರೂಮ್ ನಿಮ್ಮ ಎಲ್ಲ ಸ್ಲೈಡರ್‌ಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಮೂರೂ ಬಣ್ಣಗಳನ್ನು ತುಂಬಿ, ಒಂದು ಹೊಸ ಫೈಲ್ ಮಾಡಿ ಪ್ಲಗಿನ್ ಕೈಗೆ ಕೊಡುತ್ತದೆ. 24 ಮೆಗಾಪಿಕ್ಸೆಲ್ ಫೋಟೋ ತೆಗೆದುಕೊಳ್ಳಿ. ಒಂದು ಪಿಕ್ಸೆಲ್‌ಗೆ ಮೂರು ಬಣ್ಣ, ಒಂದು ಬಣ್ಣಕ್ಕೆ 16 ಬಿಟ್ ಅಂದರೆ ಎರಡು ಬೈಟ್. ಲೆಕ್ಕ ಹಾಕಿದರೆ 14 ಕೋಟಿ 40 ಲಕ್ಷ ಬೈಟ್. 25ರಿಂದ 30 ಎಂಬಿ ಇದ್ದ ರಾ ಫೈಲ್ ಪಕ್ಕದಲ್ಲಿ 140 ಎಂಬಿ ಹತ್ತಿರದ ಟಿಫ್ ಬಂದು ಕೂತಿತು. ಹಾರ್ಡ್ ಡಿಸ್ಕ್ ತುಂಬುತ್ತದೆ ಅನ್ನುವುದು ಅಂಥ ದೊಡ್ಡ ತೊಂದರೆ ಅಲ್ಲ. ಡಿಸ್ಕ್ ತೆಗೆದುಕೊಳ್ಳಬಹುದು. ತೊಂದರೆ ಏನೆಂದರೆ, ಆ ಟಿಫ್‌ನಲ್ಲಿ ವೈಟ್ ಬ್ಯಾಲೆನ್ಸ್ ಚೀಟಿಯಾಗಿ ಉಳಿದಿಲ್ಲ, ಪಿಕ್ಸೆಲ್ ಒಳಗೇ ಸೇರಿಹೋಗಿದೆ. ಬೆಳ್ಳಗೆ ಸುಟ್ಟುಹೋದ ಮೋಡದಲ್ಲಿ ರಾ ಫೈಲ್ ಇನ್ನೂ ಅಷ್ಟಿಷ್ಟು ವಿವರ ಇಟ್ಟುಕೊಂಡಿತ್ತು. ಅದನ್ನು ನೀವು ಮೊದಲೇ ಇಳಿಸಿರದಿದ್ದರೆ ಟಿಫ್‌ನಲ್ಲಿ ಅದು ಬರಿ ಬಿಳಿ.

8 ಬಿಟ್ ಆರಿಸಿದರೆ ಇನ್ನೂ ಕಷ್ಟ. 14 ಬಿಟ್ ರಾ ಒಂದು ಬಣ್ಣಕ್ಕೆ 16,384 ಮೆಟ್ಟಿಲು ಕೊಡುತ್ತದೆ. 8 ಬಿಟ್‌ನಲ್ಲಿ ಇರುವುದು 256. ಸಂಜೆಯ ತಿಳಿ ಆಕಾಶವನ್ನು ಪ್ಲಗಿನ್‌ನಲ್ಲಿ ಸ್ವಲ್ಪ ಗಾಢ ಮಾಡಿ ನೋಡಿ. ನಯವಾಗಿ ಇಳಿಯಬೇಕಾದ ನೀಲಿ ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ. ಪ್ರೊಫೋಟೋ ಆರ್‌ಜಿಬಿಯ ಬಣ್ಣಗಳ ಹರವು ತುಂಬ ದೊಡ್ಡದು. ಆ 256 ಮೆಟ್ಟಿಲನ್ನು ಅಷ್ಟು ದೂರಕ್ಕೆ ಹಂಚಿದರೆ ಒಂದೊಂದು ಮೆಟ್ಟಿಲೂ ದೊಡ್ಡದಾಗುತ್ತದೆ. ಆದ್ದರಿಂದ ಪ್ರೊಫೋಟೋ ಇಟ್ಟುಕೊಳ್ಳುವುದಾದರೆ 16 ಬಿಟ್ ಬೇಕೇ ಬೇಕು. ಇದರಲ್ಲಿ ರುಚಿಯ ಪ್ರಶ್ನೆಯೇ ಇಲ್ಲ.

ಇಷ್ಟು ತಿಳಿದ ಮೇಲೆ ಕೆಲಸದ ಸಾಲು ತಾನಾಗಿಯೇ ಮೂಡುತ್ತದೆ. ರಾ ಮಾತ್ರ ಮಾಡಬಲ್ಲದ್ದನ್ನು ಮೊದಲು ಮಾಡಿ ಮುಗಿಸಬೇಕು. ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಷರ್, ಹೈಲೈಟ್, ಲೆನ್ಸ್‌ನ ಓರೆಕೋರೆ, ನಾಯ್ಸ್ ಅಂದರೆ ಫೋಟೋದಲ್ಲಿ ಕಾಣುವ ಕಾಳು. ಆಮೇಲೆ ಬೇಕಿದ್ದರೆ ಪ್ಲಗಿನ್. ಕೊನೆಗೆ, ಎಷ್ಟು ದೊಡ್ಡದಾಗಿ ತೋರಿಸುತ್ತೇವೆ ಅಂತ ಗೊತ್ತಾದ ಮೇಲೆ, ಶಾರ್ಪ್ ಮಾಡುವುದು.

ಇದೆಲ್ಲಕ್ಕೂ ಮುಂಚೆ ಆಯ್ಕೆ ಇದೆ, ಅದನ್ನು ಮರೆಯಬಾರದು. ಕಾರ್ಡ್‌ನಿಂದ ಇಳಿಸಿದ ನೂರಾರು ಫೋಟೋಗಳಲ್ಲಿ ಯಾವುದನ್ನು ಇಟ್ಟುಕೊಳ್ಳುವುದು? ಪತ್ರಿಕಾ ಛಾಯಾಗ್ರಾಹಕರು ಫೋಟೋ ಮೆಕ್ಯಾನಿಕ್ ಅನ್ನುವ ಸಾಫ್ಟ್‌ವೇರ್ ಬಳಸುವುದು ಇದಕ್ಕೇ. ಅದು ರಾ ಫೈಲನ್ನು ಬಿಡಿಸಿ ಲೆಕ್ಕ ಹಾಕುತ್ತಾ ಕೂರುವುದಿಲ್ಲ. ಕ್ಯಾಮೆರಾ ರಾ ಒಳಗೇ ಇಟ್ಟಿರುವ ಸಣ್ಣ ಜೆಪೆಗ್ ತೆಗೆದು ತೋರಿಸುತ್ತದೆ. ಹಾಗಾಗಿ ಬಾಣದ ಗುರುತು ಒತ್ತಿದ ಹಾಗೆ ಫೋಟೋಗಳು ಓಡುತ್ತವೆ. ಈಗ ಎಐ ಆಯ್ಕೆ ಮಾಡಿಕೊಡುವ ಸಾಫ್ಟ್‌ವೇರ್‌ಗಳೂ ಬಂದಿವೆ. ಕಣ್ಣು ಮುಚ್ಚಿದ್ದು, ಫೋಕಸ್ ತಪ್ಪಿದ್ದು, ಇವನ್ನು ಬೇರೆ ಮಾಡಲು ಅವು ನಿಜಕ್ಕೂ ಉಪಯೋಗ. ಆದರೆ ನಗು ಮುಗಿದು ಮುಖ ಸಡಿಲವಾಗುವ ಆ ಅರೆಗಳಿಗೆಯ ಫೋಟೋ, ಸ್ವಲ್ಪ ಅಲುಗಿದ್ದರೂ, ಉಳಿದ ಎಲ್ಲಕ್ಕಿಂತ ಚೆನ್ನಾಗಿರಬಹುದು. ಅದನ್ನು ನಾನೇ ನೋಡಿ ಆರಿಸಬೇಕು. ಈ ಹಂತಕ್ಕೆ ಎಷ್ಟು ಸಮಯ ಕೊಟ್ಟರೂ ಜಾಸ್ತಿ ಆಗಲಿಲ್ಲ ಅನ್ನುವುದು ನನ್ನ ಅನುಭವ. ಸರಿಯಾಗಿ ಆರಿಸಿದರೆ ಎಡಿಟ್ ಮಾಡುವ ಕೆಲಸ ಅರ್ಧಕ್ಕೆ ಇಳಿಯುತ್ತದೆ.

ಪ್ಲಗಿನ್ ಅನ್ನುವ ಏರ್ಪಾಡು ಫೋಟೋಶಾಪ್‌ನಷ್ಟೇ ಹಳೆಯದು. 1990ರ ಫೆಬ್ರವರಿಯಲ್ಲಿ ಫೋಟೋಶಾಪ್‌ನ ಮೊದಲ ಆವೃತ್ತಿ ಬಂತು. ಬರೆದವರು ಥಾಮಸ್ ನೋಲ್, ಜಾನ್ ನೋಲ್ ಎಂಬ ಅಣ್ಣತಮ್ಮಂದಿರು. ಹೊರಗಿನವರು ಬರೆದ ತುಣುಕು ಪ್ರೋಗ್ರಾಮ್‌ಗಳನ್ನು ಸೇರಿಸಿಕೊಳ್ಳುವ ಜಾಗ ಶುರುವಿನಿಂದಲೇ ಅದರಲ್ಲಿತ್ತು. 1992ರಲ್ಲಿ ಕೈ ಕ್ರೌಸೆ ಅವರ ಕೈಸ್ ಪವರ್ ಟೂಲ್ಸ್ ಬಂದಾಗ ಜನ ಬೆರಗಾದರು. ಪುಟದ ಮೂಲೆ ಮಡಚಿದ ಹಾಗೆ ಕಾಣಿಸುವ ಎಫೆಕ್ಟ್ ನೆನಪಿದೆಯಾ? ಆಗಿನ ಜಾಹೀರಾತು, ಮುಖಪುಟಗಳಲ್ಲಿ ಎಲ್ಲೆಲ್ಲೂ ಅದೇ. ಪ್ಲಗಿನ್ ಒಂದು ನೋಟವನ್ನು ಸುಲಭ ಮಾಡಿದ ಕೂಡಲೇ ಆ ನೋಟ ಎಲ್ಲರದ್ದೂ ಆಗಿಬಿಡುತ್ತದೆ. ಆಮೇಲೆ ಬಂದ, ಕತ್ತಲು ಬೆಳಕು ಎರಡರ ವಿವರವನ್ನೂ ಒಂದೇ ಫೋಟೋದಲ್ಲಿ ತೋರಿಸುವ ಎಚ್‌ಡಿಆರ್ ಗೀಳಿನಲ್ಲೂ ಇದೇ ಆಯಿತು. ಈಗಿನ ಮಬ್ಬು ಕಪ್ಪಿನ, ಕಿತ್ತಳೆ ಚರ್ಮದ ಪ್ರಿಸೆಟ್‌ಗಳಲ್ಲೂ ಅದೇ ಆಗುತ್ತಿದೆ.

ಆದರೂ ಪ್ಲಗಿನ್‌ಗಳು ನಮಗೆ ನೋಡುವುದನ್ನು ಕಲಿಸಿವೆ, ಅದನ್ನು ಒಪ್ಪಲೇಬೇಕು. ಅದರಲ್ಲೂ ನಿಕ್. 1995ರಲ್ಲಿ ಶುರುವಾದ ಈ ಕಂಪನಿ ಕಂಟ್ರೋಲ್ ಪಾಯಿಂಟ್ ಅನ್ನುವ ಒಂದು ವಿಧಾನ ತಂದಿತು. ಅಲ್ಲಿಯ ತನಕ ಆಕಾಶ ಮಾತ್ರ ಕತ್ತಲು ಮಾಡಬೇಕಿದ್ದರೆ ಮರದ ಎಲೆ ಎಲೆಯನ್ನೂ ಸುತ್ತಿ ಸೆಲೆಕ್ಷನ್ ಮಾಡಬೇಕಿತ್ತು. ನಿಕ್‌ನಲ್ಲಿ ಆಕಾಶದ ಮೇಲೆ ಒಂದು ಚುಕ್ಕೆ ಇಟ್ಟರೆ ಸಾಕು. ಸುತ್ತ ಒಂದು ವೃತ್ತ ಎಳೆದರೆ, ಅದರೊಳಗೆ ಆ ಚುಕ್ಕೆಯ ಬಣ್ಣ, ಬೆಳಕನ್ನು ಹೋಲುವ ಪಿಕ್ಸೆಲ್‌ಗಳನ್ನು ಅದೇ ಹುಡುಕಿ ಬದಲಾಯಿಸುತ್ತದೆ. ನಿಕಾನ್ ಕಂಪನಿಯ ಕ್ಯಾಪ್ಚರ್ ಎನ್‌ಎಕ್ಸ್‌ನಲ್ಲೂ ಇದು ಬಂತು. ಮೊಬೈಲ್‌ನ ಸ್ನ್ಯಾಪ್‌ಸೀಡ್‌ನಲ್ಲಿ ಬೆರಳಿಟ್ಟು ಒಂದು ಜಾಗ ಮಾತ್ರ ಬೆಳಗಿಸುತ್ತೀರಲ್ಲ, ಅದೂ ಇದೇ ನಿಕ್‌ನವರದ್ದು.

ನಿಕ್‌ನ ಪ್ಲಗಿನ್‌ಗಳ ಕಲೆಕ್ಷನ್‌ನ ಮುಂದಿನ ಕಥೆಯನ್ನು ಪ್ಲಗಿನ್ ನಂಬಿ ಕೆಲಸ ಮಾಡುವ ಎಲ್ಲರೂ ಒಮ್ಮೆ ನೋಡಬೇಕು. 2012ರಲ್ಲಿ ಗೂಗಲ್ ನಿಕ್ ಕಂಪನಿಯನ್ನು ಕೊಂಡಿತು. 2013ರಲ್ಲಿ ಇಡೀ ಕಲೆಕ್ಷನ್ ಬೆಲೆ 149 ಡಾಲರ್‌ಗೆ ಇಳಿಯಿತು. 2016ರ ಮಾರ್ಚ್‌ನಲ್ಲಿ ಪೂರ್ತಿ ಉಚಿತವಾಯಿತು. ಎಲ್ಲರೂ ಇಳಿಸಿಕೊಂಡರು. 2017ರ ಮೇ ತಿಂಗಳಲ್ಲಿ, ಇನ್ನು ಮುಂದೆ ಇದಕ್ಕೆ ಅಪ್‌ಡೇಟ್ ಇಲ್ಲ ಅನ್ನುವ ಸುದ್ದಿ ಬಂತು. ಅಲ್ಲಿಗೆ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ, ಅದೇ ವರ್ಷ ಅಕ್ಟೋಬರ್‌ನಲ್ಲಿ ಡಿಎಕ್ಸ್‌ಒ ಕಂಪನಿ ಅದನ್ನು ಕೊಂಡಿತು. 2018ರಲ್ಲಿ ಮತ್ತೆ ದುಡ್ಡಿನ ಕಲೆಕ್ಷನ್ ಆಗಿ ಹೊರಬಂತು. ಐದಾರು ವರ್ಷಗಳಲ್ಲಿ ಒಂದೇ ಸಾಫ್ಟ್‌ವೇರ್ ಇಷ್ಟು ಕೈ ಬದಲಾಯಿಸಿತು. ಅದನ್ನು ಬಳಸಿ ಮಾಡಿದ ಫೋಟೋಗಳ ಮಾಲೀಕರಿಗೆ ಇದರಲ್ಲಿ ಒಂದು ಮಾತೂ ಇರಲಿಲ್ಲ.

ಮಾಲೀಕರು ಬದಲಾಗದಿದ್ದರೂ ಕಂಪ್ಯೂಟರ್ ಬದಲಾಗುತ್ತದೆ. 2019ರ ಮ್ಯಾಕ್ ಕ್ಯಾಟಲಿನಾ 32 ಬಿಟ್ ಸಾಫ್ಟ್‌ವೇರ್‌ಗಳನ್ನು ಪೂರ್ತಿ ಕೈಬಿಟ್ಟಿತು. ಮರುವರ್ಷ ಆಪಲ್ ತನ್ನದೇ ಚಿಪ್‌ಗೆ ಹೋಯಿತು. ವಿಂಡೋಸ್‌ನಲ್ಲೂ 32 ಬಿಟ್ ಫೋಟೋಶಾಪ್‌ಗೆ ಬರೆದ ಹಳೆಯ ಪ್ಲಗಿನ್ 64 ಬಿಟ್ ಫೋಟೋಶಾಪ್‌ನಲ್ಲಿ ತೆರೆಯುವುದಿಲ್ಲ. ಪ್ಲಗಿನ್ ಬರೆದವರು ಹೊಸದಾಗಿ ಬರೆದುಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಬರಿ ಪ್ಲಗಿನ್ ಅಲ್ಲ, ದೊಡ್ಡ ಸಾಫ್ಟ್‌ವೇರ್‌ಗಳಿಗೂ ಇದೇ ಗತಿ. ಆಪಲ್‌ನ ಅಪರ್ಚರ್ 2005ರಲ್ಲಿ ಬಂದು ಎಷ್ಟೋ ಜನರ ಇಡೀ ಸಂಗ್ರಹ ಹೊತ್ತುಕೊಂಡಿತ್ತು. 2014ರಲ್ಲಿ ಅದನ್ನು ನಿಲ್ಲಿಸುವುದಾಗಿ ಆಪಲ್ ಹೇಳಿತು. ಫೋಟೋಗಳು ಉಳಿದವು. ಆದರೆ ಅದರೊಳಗೆ ಮಾಡಿದ ಎಡಿಟ್‌ಗಳನ್ನು ಇದ್ದ ಹಾಗೇ ಇನ್ನೊಂದು ಸಾಫ್ಟ್‌ವೇರ್‌ಗೆ ಸಾಗಿಸುವುದು ಆಗದ ಮಾತು. ಒಬ್ಬರ ಎಕ್ಸ್‌ಪೋಷರ್ ಲೆಕ್ಕ ಇನ್ನೊಬ್ಬರದ್ದಲ್ಲ.

ಫೋಟೋಶಾಪ್ ಬಳಸುವವರಿಗೆ ಒಂದು ಒಳ್ಳೆಯ ದಾರಿ ಇದೆ. ಸ್ಮಾರ್ಟ್ ಆಬ್ಜೆಕ್ಟ್. 2005ರಲ್ಲಿ ಬಂತು. ಅದರ ಮೇಲೆ ಫಿಲ್ಟರ್ ಹಾಕುವ ಅವಕಾಶ 2007ರಲ್ಲಿ ಸೇರಿತು. ಲೇಯರನ್ನು, ಅಂದರೆ ಫೋಟೋದ ಒಂದು ಪದರವನ್ನು, ಮೊದಲು ಸ್ಮಾರ್ಟ್ ಆಬ್ಜೆಕ್ಟ್ ಮಾಡಿ ಆಮೇಲೆ ಪ್ಲಗಿನ್ ಹಾಕಿದರೆ, ಪ್ಲಗಿನ್ ಹೆಸರು ಲೇಯರ್ ಕೆಳಗೆ ಒಂದು ಸಾಲಾಗಿ ಕೂರುತ್ತದೆ. ಎಷ್ಟು ದಿನ ಬಿಟ್ಟು ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರೂ ಎಳೆದ ಸ್ಲೈಡರ್‌ಗಳು ಎಳೆದಲ್ಲೇ ಇರುತ್ತವೆ. ಫೈಲ್ ದಪ್ಪವಾಗುತ್ತದೆ, ಕಂಪ್ಯೂಟರ್ ನಿಧಾನವಾಗುತ್ತದೆ. ಆದರೂ ನನಗೆ ಇದು ಬೇಕು. ಎಲ್ಲ ಪ್ಲಗಿನ್‌ಗಳೂ ಇದಕ್ಕೆ ಒಪ್ಪುವುದಿಲ್ಲ. ಒಪ್ಪದ ಪ್ಲಗಿನ್‌ಗೆ ನನ್ನ ಕಂಪ್ಯೂಟರ್‌ನಲ್ಲಿ ಜಾಗ ಸಿಗುವುದು ಕಷ್ಟ. ಇಲ್ಲೂ ಒಂದು ಎಚ್ಚರ ಬೇಕು. ಆ ಪ್ಲಗಿನ್ ಮುಂದೊಂದು ದಿನ ಕಂಪ್ಯೂಟರ್‌ನಲ್ಲಿ ಇಲ್ಲದಿದ್ದರೆ ಫೋಟೋ ಕಾಣುತ್ತದೆ, ಸ್ಲೈಡರ್ ತೆರೆಯುವುದಿಲ್ಲ. ಅದಕ್ಕೇ ಲೇಯರ್ ಇರುವ ಫೈಲ್ ಜೊತೆಗೆ ಎಲ್ಲ ಸೇರಿಸಿದ ಒಂದು 16 ಬಿಟ್ ಟಿಫ್ ಕೂಡ ಇಡುತ್ತೇನೆ.

ಕಪ್ಪು-ಬಿಳುಪಿನಲ್ಲಿ ಪ್ಲಗಿನ್ ಏನು ಕೊಡಬಲ್ಲದು ಅಂತ ಹೇಳಲೇಬೇಕು. ಕಿಟಕಿ ಬೆಳಕಿನಲ್ಲಿ ಕೂತ ಒಬ್ಬ ಅಜ್ಜಿಯ ಫೋಟೋ ಅಂದುಕೊಳ್ಳಿ. ಮುಖ ಅರ್ಧ ಬೆಳಕಿನಲ್ಲಿ, ಕೈಗಳು ಮಡಿಲಲ್ಲಿ. ಬಣ್ಣ ತೆಗೆದುಹಾಕುವುದು ಅಂದರೆ ಮೂರು ಬಣ್ಣಗಳನ್ನು ಯಾವ ಪಾಲಿನಲ್ಲಿ ಬೆರೆಸಿ ಬೂದು ಮಾಡುತ್ತೀರಿ ಅನ್ನುವ ತೀರ್ಮಾನ. ಚರ್ಮದಲ್ಲಿ ಕೆಂಪು ಜಾಸ್ತಿ. ಕೆಂಪಿನ ಪಾಲು ಹೆಚ್ಚಿಸಿದರೆ ಮುಖ ಬೆಳ್ಳಗೆ, ನಯವಾಗಿ ಬರುತ್ತದೆ. ಸುಕ್ಕು ಹಿಂದೆ ಸರಿಯುತ್ತದೆ. ನೀಲಿ, ಹಸಿರಿನ ಕಡೆ ವಾಲಿದರೆ ಒಂದೊಂದು ಗೆರೆಯೂ, ಒಂದೊಂದು ಮಚ್ಚೆಯೂ ಎದ್ದು ಬರುತ್ತದೆ. ಅದೇ ಅಜ್ಜಿ, ಅದೇ ಬೆಳಕು. ನೋಡುವವರಿಗೆ ಕಾಣುವ ವಯಸ್ಸು ಮಾತ್ರ ಬೇರೆ.

ನಿಕ್ ಕಲೆಕ್ಷನ್‌ನ ಕಪ್ಪು-ಬಿಳುಪಿನ ಪ್ಲಗಿನ್ ಸಿಲ್ವರ್ ಎಫೆಕ್ಸ್ ಪ್ರೋನಲ್ಲಿ ಇದನ್ನೇ ಬಣ್ಣದ ಫಿಲ್ಟರ್ ಆಗಿ ಕೊಟ್ಟಿದ್ದಾರೆ. ಫಿಲ್ಮ್ ಕಾಲದವರು ಲೆನ್ಸ್ ಮುಂದೆ ಸಿಕ್ಕಿಸುತ್ತಿದ್ದ ಕೆಂಪು, ಹಳದಿ, ಹಸಿರು ಗಾಜಿನ ಹಾಗೆ. ಸ್ಟ್ರಕ್ಚರ್ ಅನ್ನುವ ಸ್ಲೈಡರ್ ಇದೆ. ಸಣ್ಣ ವಿವರಗಳ ನಡುವಿನ ಕಪ್ಪು-ಬಿಳುಪಿನ ಅಂತರ ಹೆಚ್ಚಿಸುತ್ತದೆ. ಇಡೀ ಫೋಟೋಗೆ ಅದನ್ನು ಪೂರ್ತಿ ಎಳೆದರೆ ಅಜ್ಜಿಯ ಕೆನ್ನೆ ಒಣಗಿದ ಕೆರೆಯ ಮಣ್ಣಾಗಿಬಿಡುತ್ತದೆ. ಮೊದಲ ನೋಟಕ್ಕೆ ಭರ್ಜರಿ ಅನ್ನಿಸುತ್ತದೆ. ನಾಳೆ ನೋಡಿದರೆ ಅಲ್ಲಿ ಅಜ್ಜಿ ಇಲ್ಲ, ಬರಿ ಸುಕ್ಕು ಇದೆ. ನಾನು ಮುಖಕ್ಕೆ ಸ್ಟ್ರಕ್ಚರ್ ಮುಟ್ಟುವುದಿಲ್ಲ. ಕೈಗಳ ಮೇಲೆ ಒಂದೊಂದು ಕಂಟ್ರೋಲ್ ಪಾಯಿಂಟ್ ಇಟ್ಟು ಅಲ್ಲಿ ಮಾತ್ರ ಸ್ವಲ್ಪ ಏರಿಸುತ್ತೇನೆ. ಕೆಲಸ ಮಾಡಿದ ಕೈ ಅನ್ನುವುದು ಕಾಣಬೇಕು. ಕಣ್ಣು ಮೃದುವಾಗಿಯೇ ಇರಬೇಕು.

ಅದೇ ಪ್ಲಗಿನ್‌ನ ಕೆಳಮೂಲೆಯಲ್ಲಿ ಸೊನ್ನೆಯಿಂದ ಹತ್ತರ ತನಕ ಬೂದು ಚೌಕಗಳ ಸಾಲು ಇದೆ. ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಆಸುಪಾಸಿನಲ್ಲಿ ರೂಪಿಸಿದ, ಕಪ್ಪಿನಿಂದ ಬಿಳಿಯ ತನಕದ ಬೆಳಕನ್ನು ಮೆಟ್ಟಿಲುಗಳಾಗಿ ಹಂಚುವ ಜೋನ್ ಸಿಸ್ಟಮ್ ಅದು. ಎರಡನೆಯ ಚೌಕದ ಮೇಲೆ ಮೌಸ್ ಇಟ್ಟರೆ ಫೋಟೋದಲ್ಲಿ ಅಷ್ಟು ಕತ್ತಲಿರುವ ಜಾಗಗಳೆಲ್ಲ ಗುರುತಾಗಿ ಕಾಣುತ್ತವೆ. ಸೀರೆಯ ಮಡಿಕೆಯಲ್ಲಿ ಇನ್ನೂ ವಿವರ ಇದೆಯಾ, ಇಲ್ಲಾ ಪೂರ್ತಿ ಕಪ್ಪಾಯಿತಾ ಅಂತ ಊಹಿಸಬೇಕಿಲ್ಲ. ಪ್ಲಗಿನ್‌ಗಳಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದೇ. ಇದು ಫೋಟೋಗೆ ಏನೂ ಮಾಡುವುದಿಲ್ಲ. ಸುಮ್ನೆ ತೋರಿಸುತ್ತದೆ. ಈ ಸಾಲನ್ನು ನೋಡಿ ನೋಡಿ ಅಭ್ಯಾಸವಾದ ಮೇಲೆ ಪ್ಲಗಿನ್ ಇಲ್ಲದೆ, ಬರಿ ಕರ್ವ್ಸ್‌ನಲ್ಲೇ ಎಷ್ಟೋ ಕಪ್ಪು-ಬಿಳುಪು ಮುಗಿಸುತ್ತೇನೆ.

ಪ್ರಿಸೆಟ್‌ಗಳ ಬಗ್ಗೆಯೂ ನನ್ನ ಮಾತು ಇದೇ. ಪ್ರಿಸೆಟ್ ಅಂದರೆ ಇನ್ನೊಬ್ಬರು ಇನ್ನೊಂದು ಬೆಳಕಿನಲ್ಲಿ, ಇನ್ನೊಂದು ಫೋಟೋಗೆ ಮಾಡಿದ ತೀರ್ಮಾನ. ಹಾಕಿ ನೋಡಿ, ಏನೂ ತಪ್ಪಿಲ್ಲ. ಇಷ್ಟವಾದರೆ ಅದನ್ನು ಬಿಚ್ಚಿ ನೋಡಿ. ಹಾಕುವ ಮೊದಲಿನ ಹಿಸ್ಟೋಗ್ರಾಮ್ (ಫೋಟೋದಲ್ಲಿ ಕಪ್ಪಿನಿಂದ ಬಿಳಿಯ ತನಕ ಯಾವುದು ಎಷ್ಟಿದೆ ಅಂತ ತೋರಿಸುವ ನಕ್ಷೆ), ಹಾಕಿದ ನಂತರದ ಹಿಸ್ಟೋಗ್ರಾಮ್ ಎರಡನ್ನೂ ಪಕ್ಕ ಪಕ್ಕ ಇಡಿ. ಕಪ್ಪಿನ ತುದಿ ಎತ್ತಿದ್ದಾರಾ? ನೆರಳಿಗೆ ನೀಲಿ ಹಾಕಿದ್ದಾರಾ? ಹಸಿರನ್ನು ಹಳದಿ ಕಡೆ ತಳ್ಳಿದ್ದಾರಾ? ಗೊತ್ತಾದ ಮೇಲೆ ಅದನ್ನೇ ಕೈಯಾರೆ ರಾ ಮೇಲೆ ಮಾಡಿ. ಆಗ ಅದು ನಿಮ್ಮದಾಗುತ್ತದೆ, ಮತ್ತೆ ಬದಲಾಯಿಸಲೂ ಬರುತ್ತದೆ. ಕೈಯಾರೆ ಮಾಡಲು ಆಗದಂಥದ್ದಾದರೆ ಪ್ಲಗಿನ್ ಫಲಿತಾಂಶವನ್ನು ಬೇರೆ ಲೇಯರ್‌ನಲ್ಲಿ ಇಟ್ಟು ಅದರ ಒಪಾಸಿಟಿ, ಅಂದರೆ ಕೆಳಗಿನದ್ದನ್ನು ಮುಚ್ಚುವ ಪ್ರಮಾಣ, ಇಳಿಸಿ. ನಾನು ಬಹುತೇಕ ಅರ್ಧದ ಹತ್ತಿರ ನಿಲ್ಲಿಸುತ್ತೇನೆ.

ಇನ್ನು ನಾಯ್ಸ್. ಈ ಕೆಲಸದಲ್ಲಿ ಕೆಲವೇ ವರ್ಷಗಳಲ್ಲಿ ಎಲ್ಲ ತಲೆಕೆಳಗಾಗಿದೆ, ಸಾಲೂ ಬದಲಾಗಿದೆ. ನಾಯ್ಸ್ ಅಂದರೆ ಕ್ಯಾಮೆರಾ ಕೆಟ್ಟದ್ದು ಅಂತಲ್ಲ. ಬೆಳಕು ಬರುವುದೇ ಕಾಳು ಕಾಳಾಗಿ. ಒಂದು ಪಿಕ್ಸೆಲ್‌ಗೆ ಸರಾಸರಿ 10,000 ಫೋಟಾನ್ ಬಿದ್ದರೆ ಅದರಲ್ಲಿ ಏರುಪೇರು ಸುಮಾರು 100. ನೂರಕ್ಕೆ ಒಂದು. ಬರಿ 100 ಬಿದ್ದರೆ ಏರುಪೇರು 10. ನೂರಕ್ಕೆ ಹತ್ತು. ಕತ್ತಲಲ್ಲಿ ತೆಗೆದ ಫೋಟೋ ಕಾಳು ಕಾಳಾಗಿ ಕಾಣುವುದು ಇದಕ್ಕೇ. ಯಾವ ಸೆನ್ಸರ್ ಬಂದರೂ ಈ ಲೆಕ್ಕ ತಪ್ಪುವುದಿಲ್ಲ.

ಹಳೆಯ ಪ್ಲಗಿನ್‌ಗಳು ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಬೆರೆಸಿ ನಾಯ್ಸ್ ಇಳಿಸುತ್ತಿದ್ದವು. ಜೊತೆಗೆ ವಿವರವೂ ಹೋಗುತ್ತಿತ್ತು. 2020ರಲ್ಲಿ ಡಿಎಕ್ಸ್‌ಒ ತಂದ ಡೀಪ್‌ಪ್ರೈಮ್ ಬೇರೆ ದಾರಿ ಹಿಡಿಯಿತು. ಬಣ್ಣ ತುಂಬುವ ಲೆಕ್ಕ, ನಾಯ್ಸ್ ತೆಗೆಯುವ ಲೆಕ್ಕ ಎರಡನ್ನೂ ರಾ ಮೇಲೆಯೇ, ಒಟ್ಟಿಗೆ ಎಐನಿಂದ ಮಾಡಿಸಿತು. 2023ರ ಏಪ್ರಿಲ್‌ನಲ್ಲಿ ಲೈಟ್‌ರೂಮ್‌ಗೂ ಡಿನಾಯ್ಸ್ ಬಂತು. ಆಗ ಅದು ರಾ ಓದಿ ಡಿಎನ್‌ಜಿ ಅನ್ನುವ ರಾ ಬಗೆಯ ಒಂದು ಹೊಸ ಫೈಲ್ ಮಾಡಿಕೊಡುತ್ತಿತ್ತು. ಇವು ರಾ ಬೇಡುವ ಸಾಧನಗಳು. ಆದ್ದರಿಂದ ಸಾಲಿನಲ್ಲಿ ಎಲ್ಲಕ್ಕಿಂತ ಮುಂದೆ ಬರಬೇಕು. ಟಿಫ್ ಮಾಡಿ, ಶಾರ್ಪ್ ಮಾಡಿ, ಕಾಂಟ್ರಾಸ್ಟ್ ಏರಿಸಿ ಆಮೇಲೆ ನಾಯ್ಸ್ ತೆಗೆಯಲು ಹೋದರೆ ಅಷ್ಟರಲ್ಲಿ ನಾಯ್ಸ್ ಕೂಡ ಶಾರ್ಪ್ ಆಗಿರುತ್ತದೆ. ಅದನ್ನು ವಿವರ ಅಂತ ತಿಳಿದು ಸಾಫ್ಟ್‌ವೇರ್ ಇನ್ನಷ್ಟು ತಿದ್ದುತ್ತದೆ.

ಐಎಸ್‌ಒ 6400ರಲ್ಲಿ, ಬೆಳಗಿನ ಮಬ್ಬಿನಲ್ಲಿ ತೆಗೆದ ಒಂದು ಮಿಂಚುಳ್ಳಿ ನನ್ನ ಹತ್ತಿರ ಇದೆ. ಡಿನಾಯ್ಸ್ ಹಾಕಿ ದೂರದಿಂದ ನೋಡಿದರೆ ಅದ್ಭುತ. ಹಿನ್ನೆಲೆ ನೀರಿನ ಹಾಗೆ ನಯ, ಹಕ್ಕಿ ಚೂಪು. 100 ಪರ್ಸೆಂಟ್‌ಗೆ ಹಿಗ್ಗಿಸಿ, ಹಾಕುವ ಮುಂಚಿನದ್ದು ಹಾಕಿದ ನಂತರದ್ದು ಎರಡನ್ನೂ ಒಂದಾದ ಮೇಲೊಂದು ತೋರಿಸಿಕೊಂಡೆ. ಕಣ್ಣಿನ ಸುತ್ತ ಚೆನ್ನಾಗಿತ್ತು. ಕಣ್ಣಿನೊಳಗಿನ ಬೆಳಕಿನ ಚುಕ್ಕೆ ಉಳಿದಿತ್ತು. ಎದೆಯ ಕಿತ್ತಳೆ ಪುಕ್ಕದಲ್ಲಿ ಮಾತ್ರ ಒಂದು ವಿಚಿತ್ರ ಕಂಡಿತು. ಮೂಲದಲ್ಲಿ ಅಲ್ಲಿ ಫೋಕಸ್ ಸ್ವಲ್ಪ ಜಾರಿತ್ತು, ಗೆರೆಗಳೇ ಇರಲಿಲ್ಲ. ಈಗ ಅಚ್ಚುಕಟ್ಟಾದ ಎಳೆ ಎಳೆ ಪುಕ್ಕ. ಪಕ್ಕದ ಕೊಂಬೆಯ ಮಸುಕು ತೊಗಟೆಯ ಮೇಲೆ ಹುಳು ಹರಿದಂಥ ಸಣ್ಣ ಗೆರೆಗಳು. ಅವು ಕ್ಯಾಮೆರಾ ನೋಡಿದ್ದಲ್ಲ. ಎಷ್ಟೋ ಹಕ್ಕಿಗಳನ್ನು ನೋಡಿ ಕಲಿತ ಲೆಕ್ಕ, ಇಲ್ಲಿ ಹೀಗಿದ್ದೀತು ಅಂತ ತುಂಬಿದ್ದು.

ಸ್ಲೈಡರನ್ನು ಅರ್ಧಕ್ಕಿಂತ ಕೆಳಗೆ ತಂದೆ. ಎದೆ ಮತ್ತೆ ಮೃದುವಾಯಿತು, ಕೊಂಬೆಯ ಹುಳು ಹೋಯಿತು, ಹಿನ್ನೆಲೆಯಲ್ಲಿ ಸ್ವಲ್ಪ ಕಾಳು ಉಳಿಯಿತು. ಆ ಕಾಳು ನನಗೆ ಬೇಕು. ಪ್ರಿಂಟ್ ಮಾಡಿದಾಗ ಅದು ಹೆಚ್ಚುಕಡಿಮೆ ಕಾಣುವುದಿಲ್ಲ. ಇಲ್ಲದ ಪುಕ್ಕ ಇದ್ದರೆ ಹಕ್ಕಿಗಳನ್ನು ಬಲ್ಲವರ ಕಣ್ಣಿಗೆ ತಕ್ಷಣ ಕಾಣುತ್ತದೆ.

ಇಲ್ಲಿಂದ ಇನ್ನೂ ಗಂಭೀರವಾದ ಪ್ರಶ್ನೆಗೆ ಒಂದೇ ಹೆಜ್ಜೆ ಅಲ್ವಾ? ಎಷ್ಟು ತಿದ್ದಬಹುದು? ಸುದ್ದಿ ಫೋಟೋದವರು ಇದಕ್ಕೆ ಕಟ್ಟುನಿಟ್ಟಿನ ಉತ್ತರ ಕೊಟ್ಟಿದ್ದಾರೆ. 2015ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ ಕೊನೆಯದಕ್ಕಿಂತ ಹಿಂದಿನ ಸುತ್ತಿಗೆ ಬಂದಿದ್ದ ಚಿತ್ರಗಳಲ್ಲಿ ಸುಮಾರು ಐದರಲ್ಲಿ ಒಂದನ್ನು ಹೊರಗಿಟ್ಟರು. ಮೂಲ ಫೈಲ್ ತರಿಸಿ ಹೋಲಿಸಿ ನೋಡಿದಾಗ ತಿದ್ದುಪಡಿ ನಿಯಮ ಮೀರಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ರಾಯಿಟರ್ಸ್ ಸಂಸ್ಥೆ ತನ್ನ ಫ್ರೀಲಾನ್ಸ್ ಛಾಯಾಗ್ರಾಹಕರಿಗೆ, ರಾ ಫೈಲ್‌ನಿಂದ ಮಾಡಿದ ಫೋಟೋ ಕಳಿಸಬೇಡಿ, ಕ್ಯಾಮೆರಾದಲ್ಲೇ ಜೆಪೆಗ್ ತೆಗೆದು ಕಳಿಸಿ ಅಂತ ತಿಳಿಸಿತು. ರಾ ತಪ್ಪು ಅಂತ ನನಗನ್ನಿಸುವುದಿಲ್ಲ. ರಾ ಇದ್ದರೇ ಅಲ್ವಾ ಹೋಲಿಸಿ ನೋಡಲು ಬರುವುದು? ಈಗ ಕ್ಯಾಮೆರಾದಲ್ಲೇ ಸಹಿ ಹಾಕುವ ಏರ್ಪಾಡು ಬಂದಿದೆ. 2023ರಲ್ಲಿ ಬಂದ ಲೈಕಾ ಎಂ11-ಪಿ ಮೊದಲು ಅದನ್ನು ತಂದಿತು. ಫೋಟೋ ಎಲ್ಲಿ ಹುಟ್ಟಿತು, ಆಮೇಲೆ ಏನೇನು ಬದಲಾಯಿತು ಅನ್ನುವುದು ಫೈಲ್ ಜೊತೆಗೇ ಹೋಗುತ್ತದೆ. ಇದು ಎಲ್ಲ ಕ್ಯಾಮೆರಾಗಳಿಗೂ, ಎಲ್ಲ ಪ್ಲಗಿನ್‌ಗಳಿಗೂ ಬರಲಿ ಅಂತ ಮನಸಾರೆ ಬಯಸುತ್ತೇನೆ.

ಆಕಾಶ ಬದಲಾಯಿಸುವ ಪ್ಲಗಿನ್‌ಗಳನ್ನು ನಾನು ಬಳಸುವುದಿಲ್ಲ. ಅವು ಮರದ ಎಲೆಗಳ ನಡುವೆಯೂ ಚೆಂದವಾಗಿ ಆಕಾಶ ತುಂಬುತ್ತವೆ, ಅದರಲ್ಲಿ ಸಂದೇಹವಿಲ್ಲ. ಆದರೆ ನೆಲದ ಮೇಲೆ ಬಿದ್ದಿರುವ ಬೆಳಕು ಮೋಡದ ದಿನದ್ದು, ಮೇಲಿನ ಆಕಾಶ ಸಂಜೆಯದ್ದು. ನೆರಳು ಒಂದು ಕಡೆ, ಸೂರ್ಯ ಇನ್ನೊಂದು ಕಡೆ. ಇದನ್ನೂ ಸರಿಮಾಡುವ ಸ್ಲೈಡರ್ ಬರಬಹುದು. ಬಂದರೂ ನನಗೆ ಬೇಡ. ಆ ದಿನ ಅಲ್ಲಿ ಮೋಡ ಇತ್ತು.

ಶಾರ್ಪ್ ಮಾಡುವುದರ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಅನ್‌ಶಾರ್ಪ್ ಮಾಸ್ಕ್ ಡಾರ್ಕ್‌ರೂಮ್‌ನಿಂದ ಬಂದದ್ದು. ನೆಗೆಟಿವ್ ಜೊತೆ ಅದರದ್ದೇ ಮಸುಕಾದ ಪ್ರತಿ ಜೋಡಿಸಿ ಪ್ರಿಂಟ್ ಮಾಡಿದರೆ ಅಂಚುಗಳು ಎದ್ದು ಬರುತ್ತಿದ್ದವು. ಇದನ್ನು ಮೂರು ಹಂತದಲ್ಲಿ ಮಾಡಬೇಕು ಅಂತ ವಿವರವಾಗಿ ತಿಳಿಸಿದವರು ಫೋಟೋಶಾಪ್ ಪುಸ್ತಕಗಳ ಲೇಖಕ ಬ್ರೂಸ್ ಫ್ರೇಸರ್. ಮೊದಲು ಲೆನ್ಸ್, ಸೆನ್ಸರ್ ಕಳೆದದ್ದಕ್ಕೆ ಸ್ವಲ್ಪ. ಆಮೇಲೆ ಕಣ್ಣಿನಂಥ ಮುಖ್ಯ ಜಾಗಕ್ಕೆ. ಕೊನೆಗೆ, ಪ್ರಿಂಟೋ ಪರದೆಯೋ, ಎಷ್ಟು ದೊಡ್ಡದು ಅಂತ ನೋಡಿ. ಈ ಮೂರನೆಯದನ್ನು ಯಾವತ್ತೂ ಮೂಲ ಟಿಫ್‌ಗೆ ಹಾಕಬಾರದು. ಎಕ್ಸ್‌ಪೋರ್ಟ್ ಮಾಡುವ ಪ್ರತಿಗೆ ಮಾತ್ರ.

ದುಡ್ಡು ಕೊಡದೆಯೂ ಈ ಸಾಲನ್ನು ಪೂರ್ತಿ ನಡೆಸಬಹುದು. 2009ರಿಂದ ಇರುವ ಡಾರ್ಕ್‌ಟೇಬಲ್ ಅನ್ನುವ ಉಚಿತ ರಾ ಎಡಿಟರ್, ರಾ ಫೈಲ್ ಪಕ್ಕದಲ್ಲೇ ಎಕ್ಸ್‌ಎಂಪಿ ಬರೆಯುತ್ತದೆ. ಅದರಲ್ಲಿ ಒಂದೊಂದು ಕೆಲಸವೂ ಒಂದೊಂದು ಮಾಡ್ಯೂಲ್. ಯಾವುದರ ನಂತರ ಯಾವುದು ನಡೆಯುತ್ತದೆ ಅನ್ನುವುದು ಕಣ್ಣೆದುರೇ ಸಾಲಾಗಿ ಕಾಣುತ್ತದೆ. ಅದರ ಜೊತೆಗೆ ಫೋಟೋಶಾಪ್‌ನಂಥ ಉಚಿತ ಸಾಫ್ಟ್‌ವೇರ್ ಗಿಂಪ್, ಅದಕ್ಕೆ ನೂರಾರು ಫಿಲ್ಟರ್ ಇರುವ ಜಿಮಿಕ್ ಪ್ಲಗಿನ್. ಕಲಿಯಲು ಸಮಯ ಬೇಕು. ಸಾಲು ಅಂದರೆ ಏನು ಅಂತ ತಿಳಿಯಬೇಕಿದ್ದವರಿಗೆ ನಾನು ಮೊದಲು ಹೇಳುವುದು ಡಾರ್ಕ್‌ಟೇಬಲ್ ಹೆಸರನ್ನೇ.

ಕೆಲಸ ಮುಗಿದ ಮೇಲೆ ನಾನು ಉಳಿಸಿಕೊಳ್ಳುವುದು ರಾ, ಅದರ ಎಕ್ಸ್‌ಎಂಪಿ, ಲೇಯರ್ ಇರುವ ಫೈಲ್, ಎಲ್ಲ ಸೇರಿದ ಟಿಫ್. ನಡುವೆ ಹುಟ್ಟಿದ ಉಳಿದ ಟಿಫ್‌ಗಳನ್ನು ಅಳಿಸುತ್ತೇನೆ. ಫೈಲ್ ಹೆಸರಿನ ಕೊನೆಗೆ ಯಾವ ಪ್ಲಗಿನ್ ಬಳಸಿದೆ ಅಂತ ಸೇರಿಸುತ್ತೇನೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಛಾಯಾಗ್ರಾಹಕ ಪೀಟರ್ ಕ್ರೋಗ್ ಹೇಳಿದ ಈ 3-2-1 ಲೆಕ್ಕಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ರಾ ಯಾಕೆ ಬಿಸಾಡಬಾರದು ಅನ್ನುವುದಕ್ಕೆ ಲೈಟ್‌ರೂಮ್‌ನಲ್ಲೇ ಒಂದು ಸಾಕ್ಷಿ ಇದೆ. ಅದರ ಪ್ರೋಸೆಸ್ ವರ್ಷನ್, ಅಂದರೆ ರಾ ಅನ್ನು ಫೋಟೋ ಮಾಡುವ ಲೆಕ್ಕದ ಆವೃತ್ತಿ. 2012ರಲ್ಲಿ ಬಂದ ವರ್ಷನ್ ಹೈಲೈಟ್, ಶ್ಯಾಡೋ ಲೆಕ್ಕವನ್ನೇ ಬದಲಾಯಿಸಿತು. ಹಳೆಯ ರಾ ಒಂದನ್ನು ತೆರೆದು ಅದರ ವರ್ಷನ್ ಹೊಸದು ಮಾಡಿ, ಹೈಲೈಟ್ ಇಳಿಸಿದರೆ, ಆಗ ಬರಿ ಬಿಳಿಯಾಗಿದ್ದ ಕಿಟಕಿಯ ಆಚೆಗೆ ಎಲೆಗಳು ಕಾಣುತ್ತವೆ. ಅದೇ ಫೋಟೋದ ಆಗಿನ ಪ್ಲಗಿನ್ ಟಿಫ್‌ನಲ್ಲಿ ಏನೇ ಎಳೆದರೂ ಆ ಬಿಳಿ ಬೂದು ಬಣ್ಣವಾಗುತ್ತದೆಯೇ ಹೊರತು ಎಲೆ ಬರುವುದಿಲ್ಲ. ಹಾಗಾಗಿ ಬಿಡುವಿದ್ದಾಗ ಹಳೆಯ ಫೋಲ್ಡರ್‌ಗಳನ್ನು ತೆರೆದು ರಾ ಫೈಲ್‌ಗಳನ್ನು ಹೊಸ ಡಿನಾಯ್ಸ್, ಹೊಸ ವರ್ಷನ್‌ನಲ್ಲಿ ಮತ್ತೆ ಮಾಡುತ್ತಿದ್ದೇನೆ. ಹಳೆಯ ಟಿಫ್‌ಗಳಲ್ಲಿ ಯಾರಿಗಾದರೂ ಪ್ರಿಂಟ್ ಮಾಡಿ ಕೊಟ್ಟವನ್ನು ಮಾತ್ರ ಹಾಗೇ ಇಡುತ್ತೇನೆ. ಅವರು ಗೋಡೆಗೆ ಹಾಕಿಕೊಂಡದ್ದು ಆ ಪ್ರತಿಯನ್ನು. ಇನ್ನೊಂದು ಪ್ರಿಂಟ್ ಕೇಳಿದರೆ ಅದೇ ಸಿಗಬೇಕು.